ಮದಗದ ಕೆರೆಯ ಸುದ್ದಿ ಹೊತ್ತವರು

ಮದಗದ ಕೆರೆಗೆ ಮಳೆ ಬಂದ ಹಾಡನ್ನು ಕೇಳದ ಕನ್ನಡಿಗರು ಕಡಿಮೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಕುಣಿಯುತ್ತಾರೆ. ರೇಡಿಯೋದಲ್ಲಿ ಬರುತ್ತದೆ. ಜಾಥಾಗಳಲ್ಲಿ ತಮಟೆ ಬಡಿದುಕೊಂಡು ನಾವೂ ಹಾಡಿದ್ದೇವೆ. ಹಾಡಿ ಹಾಡಿ ಅದು ನಮ್ಮ ಪಾಲಿಗೆ ಒಂದು ಸುಗ್ಗಿಯ ಹಾಡಾಗಿಬಿಟ್ಟಿದೆ. ಮಳೆ ಬಂತು, ಕೆರೆ ತುಂಬಿತು, ಗಂಗಮ್ಮ ತಾಯಿ ಒಲಿದಳು ಅಂತ ಹಿಗ್ಗು. ಆದರೆ ನಿಂತು ಕೇಳಿಸಿಕೊಂಡರೆ ಅದರೊಳಗೆ ಹಿಗ್ಗಿಗಿಂತ ದಿಗಿಲು ಹೆಚ್ಚು. ಚಿಕ್ಕದೊಂದು ಮೋಡ ಹುಟ್ಟುತ್ತದೆ, ನೆಲ ಅಲುಗುವಂಥ ಗಾಳಿ ಏಳುತ್ತದೆ, ಗುಡುಗುತ್ತದೆ, ನೋಡನೋಡುತ್ತ ಕೆರೆ ತುಂಬುತ್ತದೆ. ತುಂಬಿದ ಮೇಲೆ ಗಂಗಮ್ಮನ ಮಾತು ಒಂದೇ: ಇನ್ನು ನಾನು ಇಲ್ಲಿ ತಂಗುವುದಿಲ್ಲ, ಹೊರಟೆ. ಏರಿಯ ಮೇಲೆ ಬಲ್ಲಾಳರಾಯ ಇದ್ದಾನೆ. ಕೆರೆಯೊಳಗೆ ಬೆಸ್ತರ ಹುಡುಗ ಇದ್ದಾನೆ. ಇಬ್ಬರನ್ನೂ ಕರೆದು, ಹೋಗಿ ಜನಕ್ಕೆ ಸುದ್ದಿ ಮುಟ್ಟಿಸಿ ಅನ್ನುತ್ತಾಳೆ.

ಇವತ್ತಿನ ಸರ್ಕಾರಿ ಮಾತಿನಲ್ಲಿ ಹೇಳುವುದಾದರೆ ಇದು ದಿಢೀರ್ ಪ್ರವಾಹದ ಮುನ್ನೆಚ್ಚರಿಕೆ. ಗುಡುಗು ಮಳೆಯ ರಾತ್ರಿ ಕೆರೆ ಒಡೆಯುವ ಮೊದಲು ಊರನ್ನು ಎಬ್ಬಿಸುವ ಕೆಲಸ. ಆ ಕೆಲಸಕ್ಕೆ ರಾಯ ಓಡುತ್ತಾನೆಯೆ? ಓಡಿದವನು ಬೆಸ್ತರ ಹುಡುಗನೇ ಇರಬೇಕು. ಅವನು ಯಾರ ಬಾಗಿಲು ಬಡಿದ, ಯಾರು ಎದ್ದರು, ಅವನು ಬದುಕಿದನೋ ಇಲ್ಲವೋ, ನಾವು ಹಾಡುವ ಹಾಡಿನಲ್ಲಿ ಇಲ್ಲ. ಚರಿತ್ರೆಯಲ್ಲೂ ಇಲ್ಲ. ಕೆರೆ ಕಟ್ಟಿಸಿದ ರಾಯರ ಚರಿತ್ರೆ ಬೇಕಾದಷ್ಟು ಬಂದಿದೆ. ಕೆರೆಯ ಸುದ್ದಿ ಹೊತ್ತು ಓಡಿದವರದು ಬಂದಿಲ್ಲ. ಆ ಹುಡುಗನ ಬೆನ್ನು ಹತ್ತಿ ನಾವು ಇಲ್ಲಿ ಒಂದಿಷ್ಟು ದೂರ ಹೋಗಬೇಕೆಂದಿದ್ದೇವೆ.

೧

ಮದಗದ ಕೆರೆ ಇರುವುದು ಕಡೂರು ತಾಲ್ಲೂಕಿನ ಎಮ್ಮೇದೊಡ್ಡಿಯ ಕಡೆ. ಮಾಸೂರಿನ ಕಡೆ ಇನ್ನೊಂದು ಮದಗದ ಕೆರೆ ಉಂಟು. ಹಾಡು ಯಾರದು ಎಂಬ ಜಗಳಕ್ಕೆ ನಾವು ಇಳಿಯುವುದಿಲ್ಲ. ಬಲ್ಲಾಳನ ಹೆಸರಂತೂ ಈ ಸೀಮೆಗೆ ಹೊಸದಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದ ಗುಡಿ ಎದ್ದದ್ದು ೧೧೯೬ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲಕ್ಕೆ.

ಕಡೂರು, ತರೀಕೆರೆ, ಅಜ್ಜಂಪುರ ಮೂರನ್ನೂ ಒಟ್ಟಿಗೇ ನೋಡಬೇಕು. ಹಿಂದೆ ಇಡೀ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ೧೮೬೫ರಲ್ಲಿ ಕಚೇರಿ ಚಿಕ್ಕಮಗಳೂರಿಗೆ ಹೋಯಿತು, ಹೆಸರು ಮಾತ್ರ ೧೯೪೭ರವರೆಗೆ ಉಳಿಯಿತು. ಅಜ್ಜಂಪುರ ತರೀಕೆರೆಗೆ ಸೇರಿದ ಹೋಬಳಿಯಾಗಿದ್ದು ಈಚೆಗೆ ತಾಲ್ಲೂಕಾಯಿತು. ಪಡುವಣಕ್ಕೆ ಬಾಬಾಬುಡನ್ ಗಿರಿ, ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ. ಮೂಡಣಕ್ಕೆ ರಾಗಿ, ತೆಂಗು, ಈರುಳ್ಳಿ ಬೆಳೆಯುವ ಬಯಲು, ಅಮೃತಮಹಲ್ ದನಗಳ ಕಾವಲು. ಗಿರಿಯ ಮೇಲೆ ಸುರಿಯುವ ಮಳೆಯಲ್ಲಿ ಅರ್ಧ ಪಾಲೂ ಕಡೂರಿನ ಬಯಲಿಗೆ ದಕ್ಕುವುದಿಲ್ಲ. ಬರಗಾಲದ ಸೀಮೆ ಅಂತಲೇ ಹೆಸರು. ಬರದ ಸೀಮೆಗೆ ನೆರೆಯ ಮಾತು ಯಾಕಯ್ಯಾ ಅಂತ ಕೇಳುವವರು ಇದ್ದಾರೆ. ಅವರಿಗೆ ನೀರಿನ ದಾರಿ ತೋರಿಸಬೇಕು.

ಗಿರಿಯ ಮೂಡಣ ಮಗ್ಗುಲಿನಿಂದ ವೇದಾ ಅಂತ ಒಂದು ಹಳ್ಳ, ಅವತಿ ಅಂತ ಇನ್ನೊಂದು ಹಳ್ಳ ಇಳಿಯುತ್ತವೆ. ವೇದಾ ಸಖರಾಯಪಟ್ಟಣದ ಬಳಿ ಅಯ್ಯನಕೆರೆ ತುಂಬಿಸುತ್ತದೆ. ಅವತಿ ಮದಗದ ಕೆರೆ ತುಂಬಿಸುತ್ತದೆ. ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ ಹೊಸದುರ್ಗ, ಹಿರಿಯೂರಿನ ಕಡೆ ಹೋಗುತ್ತವೆ. ತರೀಕೆರೆಯ ನೀರು ಬಹುಪಾಲು ಭದ್ರೆಯ ಕಡೆ ಇಳಿಯುತ್ತದೆ. ನಡುವೆ ಊರಿಗೊಂದು, ಊರಿಗೆರಡು ಕೆರೆ. ಒಂದು ಕೆರೆಯ ಕೋಡಿ ಮುಂದಿನ ಕೆರೆಯ ಬಾಯಿ. ೧೮೬೦ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಈ ರಾಜ್ಯದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ, ಹೊಸದು ಕಟ್ಟಿದರೆ ಕೆಳಗಿನ ಯಾವುದೋ ಕೆರೆಯ ನೀರು ತಪ್ಪುತ್ತದೆ ಎಂಬರ್ಥದಲ್ಲಿ ಬರೆದಿದ್ದಾನೆ. ಕೆರೆಗಳ ಸರಪಳಿ ಅಷ್ಟು ಬಿಗಿಯಾಗಿತ್ತು.

ಸರಪಳಿಯ ಗುಣ ಏನೆಂದರೆ, ತುಂಬುವಾಗ ಒಂದೊಂದಾಗಿ ತುಂಬುತ್ತದೆ, ಒಡೆಯುವಾಗ ಸಾಲಾಗಿ ಒಡೆಯುತ್ತದೆ. ಮೇಲಿನ ಕೆರೆಯ ಏರಿ ಕಿತ್ತರೆ ಅದರ ಹೊಟ್ಟೆಯ ನೀರೆಲ್ಲ ಒಂದೇ ಏಟಿಗೆ ಕೆಳಗಿನ ಕೆರೆಗೆ ಬೀಳುತ್ತದೆ. ೧೯೦೩ರ ನವೆಂಬರಿನಲ್ಲಿ ಕೋಲಾರದ ಸೀಮೆಯಲ್ಲಿ ಪಾಲಾರ್ ಹೊಳೆಯ ಮೇಲಿನ ಕೆರೆಗಳು ಹೀಗೆ ಕಿತ್ತುಹೋದವು. ಆ ನೀರು ತಮಿಳು ನಾಡಿನ ವಾಣಿಯಂಬಾಡಿಗೆ ನುಗ್ಗಿ ಸುಮಾರು ಇನ್ನೂರು ಜನ ಸತ್ತರು. ಕೆರೆ ಒಂದು ಸೀಮೆಯದು, ಹೆಣ ಇನ್ನೊಂದು ಸೀಮೆಯದು.

ಇನ್ನೊಂದು ಲೆಕ್ಕ ನೋಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಮಿಲಿಮೀಟರ್, ಅಂದರೆ ನಾಲ್ಕು ಇಂಚು ಮಳೆ ಒಂದು ಎಕರೆಗೆ ಬಿದ್ದರೆ ನಾಲ್ಕು ಲಕ್ಷ ಲೀಟರ್. ಗಿರಿಯ ಮಗ್ಗುಲಲ್ಲಿ ಸಾವಿರಾರು ಎಕರೆ. ಭರಣಿ, ಕೃತ್ತಿಕೆಯ ಮುಂಗಾರು ಗುಡುಗಾಗಲಿ, ಹಸ್ತ, ಚಿತ್ತೆಯ ಹಿಂಗಾರು ಗುಡುಗಾಗಲಿ, ಇಡೀ ದಿನ ಸುರಿಯುವ ಮಳೆಯಲ್ಲ. ಎರಡು ಗಂಟೆಯಲ್ಲಿ ಸುರಿದು ಕೈತೊಳೆದುಕೊಳ್ಳುತ್ತದೆ. ಒಂದು ಊರಿಗೆ ಬಿದ್ದರೆ ಪಕ್ಕದ ಊರಿಗೆ ಹನಿ ಇಲ್ಲ. ಅದಕ್ಕೇ ಕುರುಡು ಚಿತ್ತೆ ಅನ್ನುವುದು. ಮೇಲೆ ಸುರಿದ ನೀರು ಕೆಳಗಿನ ಊರಿಗೆ ಬರುವ ಹೊತ್ತಿಗೆ ಆ ಊರಿನ ನೆತ್ತಿಯ ಮೇಲೆ ಚುಕ್ಕಿ ಕಾಣುತ್ತಿರಬಹುದು. ಮಳೆಯೇ ಇಲ್ಲದ ರಾತ್ರಿ ಹಳ್ಳ ಬರುತ್ತದೆ. ದಿಢೀರ್ ಅನ್ನುವ ಮಾತಿಗೆ ಅರ್ಥ ಇದೇ. ಹಾಗಾಗಿ ಇಲ್ಲಿ ಮಳೆಗಿಂತ ಮೊದಲು ಬರಬೇಕಾದದ್ದು ಸುದ್ದಿ.

೨

ಆ ಸುದ್ದಿಯ ಹೊಣೆ ಯಾರದು? ಹಳೆಯ ಹಳ್ಳಿಯ ಆಯಗಾರರ ಪಟ್ಟಿ ತೆಗೆಯಿರಿ. ಗೌಡ, ಶಾನುಭೋಗ ಮೇಲೆ. ಬಡಗಿ, ಕಮ್ಮಾರ, ಅಗಸ, ನಾಯಿಂದ ನಡುವೆ. ತಳವಾರ, ತೋಟಿ, ನೀರುಗಂಟಿ ಕೊನೆಗೆ. ನೀರುಗಂಟಿ ಯಾವ ಜಾತಿಯವನು ಎಂಬುದು ಊರಿಂದೂರಿಗೆ ಬೇರೆ. ಬಹಳ ಕಡೆ ಅವನು ನಮ್ಮ ಕೇರಿಯವನು. ತೋಟಿಯಂತೂ ನಮ್ಮವನೇ. ಸತ್ತ ಸುದ್ದಿ ಹೊರುವವನು, ಕಂದಾಯದ ಡಂಗೂರ ಸಾರುವವನು, ಅಮಲ್ದಾರರ ಕುದುರೆ ಬರುವ ಸುದ್ದಿ ತರುವವನು ಅವನೇ. ನೀರು ಬರುವ ಸುದ್ದಿಯೂ ಅವನ ಹೆಗಲ ಮೇಲೆಯೇ.

ನೀರುಗಂಟಿಯ ಕೆಲಸ ತೂಬು ಎತ್ತಿ ಗದ್ದೆಗೆ ನೀರು ಹಂಚುವುದಷ್ಟೇ ಎಂದು ಪುಸ್ತಕಗಳು ಬರೆಯುತ್ತವೆ. ಅದು ಬೇಸಗೆಯ ಕೆಲಸ. ಮಳೆಗಾಲದ ಕೆಲಸ ಬೇರೆ ಇತ್ತು. ನಮ್ಮ ಹಟ್ಟಿಯ ಹಿರಿಯರು ಹೇಳುವ ಹಾಗೆ, ಸಂಜೆ ಗಿರಿಯ ಕಡೆ ಕಪ್ಪಾದರೆ ಅವನು ಉಣ್ಣುವ ಮೊದಲು ಏರಿಯ ಮೇಲೆ ಒಂದು ಸುತ್ತು ಬರಬೇಕು. ಏಡಿ ಬಿಲ, ಇಲಿ ಬಿಲ ಎಲ್ಲಿವೆ ಅಂತ ಕಾಲಿಗೇ ಗೊತ್ತು. ಏರಿಯ ಹಿಂದಿನ ಮಗ್ಗುಲಲ್ಲಿ ನೀರು ಜಿನುಗುತ್ತಿದ್ದರೆ ಅಂಗೈಯಲ್ಲಿ ಹಿಡಿದು ನೋಡುತ್ತಾನೆ. ತಿಳಿಯಾಗಿ ಜಿನುಗಿದರೆ ಇವತ್ತಿಗೆ ಭಯವಿಲ್ಲ, ಕಣ್ಣಿಟ್ಟಿರಬೇಕು. ಮಣ್ಣು ಕಲಸಿಕೊಂಡು ಬಂದರೆ ಒಳಗೆ ಏರಿ ಕರಗುತ್ತಿದೆ ಅಂತ ಅರ್ಥ. ಹಳ್ಳದಲ್ಲಿ ತಿಳಿನೀರು ಹರಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಕೆಂಪಾಗಿ, ತರಗೆಲೆ, ಸೌದೆಕಡ್ಡಿ, ನೊರೆ ಹೊತ್ತು ಬಂದರೆ ಹಿಂದೆಯೇ ದೊಡ್ಡ ನೀರು ಇದೆ. ಕಿವಿಯೂ ಕೆಲಸ ಮಾಡಬೇಕು. ಹಳ್ಳದ ಸದ್ದು ದಪ್ಪಗಾದರೆ ಕಲ್ಲು ಉರುಳುತ್ತಿವೆ ಅಂತ ಲೆಕ್ಕ. ಕೋಡಿಯ ಕಡೆಯೂ ಹೋಗಿ ನೋಡಬೇಕು. ನೀರಿನ ಆಸೆಗೆ ಯಾರಾದರೂ ರೈತರು ರಾತ್ರಿ ಕೋಡಿಗೆ ಕಲ್ಲು ಮಣ್ಣು ಪೇರಿಸಿ ಎತ್ತರ ಮಾಡಿದ್ದರೆ ಕಿತ್ತು ಹಾಕಬೇಕು. ಕಿತ್ತರೆ ಅವರ ಬೈಗುಳ, ಕೀಳದಿದ್ದರೆ ಕೆರೆಯ ಶಾಪ.

ಆಮೇಲೆ ಓಟ. "ಏಳ್ರಪ್ಪೋ, ಏಳ್ರೋ! ಏರಿ ಜಿನುಗ್ತಾ ಐತೆ, ಹಾರೆ ಗುದ್ದಲಿ ತಗಂಡು ಬರ್ರೋ!" ಗೌಡರ ಮನೆಯ ಜಗುಲಿ ಹತ್ತುವಂತಿಲ್ಲ. ಬೀದಿಯಲ್ಲೇ ಮಳೆಯಲ್ಲಿ ನಿಂತು ಕೂಗಬೇಕು. ಒಳಗಿನವರಿಗೆ ಗುಡುಗಿನ ಸದ್ದಿನಲ್ಲಿ ಕೇಳಿಸದಿದ್ದರೆ ಮತ್ತೆ ಕೂಗಬೇಕು. ಕೇಳಿಸಲಿಲ್ಲ ಅಂತ ಬಾಗಿಲು ಬಡಿದರೆ ಮೈಲಿಗೆ. ಈ ಮೈಲಿಗೆಯಲ್ಲಿ ಎಷ್ಟು ಗಳಿಗೆ ಹಾಳಾದವು, ಎಷ್ಟು ಏರಿ ಕಿತ್ತವು ಎಂದು ಯಾವ ಇಲಾಖೆ ಲೆಕ್ಕ ಇಟ್ಟಿದೆ?

ಇನ್ನು ಅವನ ಜೀವದ ಮಾತು. ಬಯಲಿನಲ್ಲಿ ಎತ್ತರದ ಏರಿ. ಏರಿಯ ಮೇಲೆ ಒದ್ದೆ ಕಂಬಳಿ ಹೊದ್ದ ಒಬ್ಬನೇ ಮನುಷ್ಯ, ಕೈಯಲ್ಲಿ ಕಬ್ಬಿಣದ ಹಾರೆ. ಸಿಡಿಲಿಗೆ ಇದಕ್ಕಿಂತ ಸಲೀಸಾದ ಗುರಿ ಇನ್ನೊಂದಿಲ್ಲ. ಹೀಗೆ ಕಾದದ್ದಕ್ಕೆ ಸುಗ್ಗಿಯಲ್ಲಿ ಕಣದಂಚಿಗೆ ನಿಂತು ಕೈಯೊಡ್ಡಿದರೆ ಒಂದಿಷ್ಟು ರಾಗಿ, ಹೊರೆ ಹುಲ್ಲು. ಕೆರೆಯನ್ನು ಕಾಯುವವನು ಊರ ಬಾವಿಯ ನೀರು ಸೇದುವಂತಿರಲಿಲ್ಲ. ೧೯೨೭ರ ಮಾರ್ಚ್ ೨೦ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದದ್ದು ಯಾಕೆ ಇಡೀ ದೇಶವನ್ನು ಅಲುಗಿಸಿತು ಎಂಬುದು ನೀರುಗಂಟಿಯ ಮೊಮ್ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅವನ ಮನೆ ಎಲ್ಲಿತ್ತು ಎಂಬುದನ್ನೂ ಹೇಳಬೇಕು. ಊರು ದಿಬ್ಬದ ಮೇಲೆ. ಕೇರಿ ತಗ್ಗಿನಲ್ಲಿ, ಹಳ್ಳದ ದಂಡೆಗೆ, ಎಷ್ಟೋ ಕಡೆ ಏರಿಯ ಕೆಳಗೇ. ಏರಿ ಕಿತ್ತರೆ ಮೊದಲ ನೀರು ನುಗ್ಗುವುದು ಅವನ ಗುಡಿಸಿಲಿಗೆ. ಅವನು ಓಡುವುದು ಮಾತ್ರ ಊರಿನ ಕಡೆಗೆ. ತನ್ನ ಹೆಂಡತಿ ಮಕ್ಕಳನ್ನು ಎಬ್ಬಿಸುವ ಮೊದಲು ಗೌಡರನ್ನು ಎಬ್ಬಿಸಬೇಕೆಂಬುದೇ ಆಯಗಾರಿಕೆಯ ಕಟ್ಟಳೆ.

೩

ಈ ಓಟದ ಬಗ್ಗೆ ಒಂದು ಕತೆ ಉಂಟು. ಸಖರಾಯಪಟ್ಟಣದ ಸೀಮೆಯಲ್ಲಿ ಅದನ್ನು ಅಯ್ಯನಕೆರೆಯ ಮೇಲೆ, ರುಕ್ಮಾಂಗದರಾಯನ ಹೆಸರಿಗೆ ಹೇಳುತ್ತಾರೆ. ಬೇರೆ ಕೆರೆಗಳ ಮೇಲೂ ಹೇಳುವುದುಂಟು. ಅಲ್ಪಸ್ವಲ್ಪ ವ್ಯತ್ಯಾಸ ಬಿಟ್ಟರೆ ಕತೆ ಹೀಗಿದೆ. ಜಡಿಮಳೆಯ ರಾತ್ರಿ ಕೆರೆಯ ದೇವತೆ ನೀರುಗಂಟಿಗೆ ಕಾಣಿಸಿಕೊಂಡು, ಏರಿ ಒಡೆದು ಹೊರಟುಹೋಗುತ್ತೇನೆ ಅನ್ನುತ್ತಾಳೆ. ಅವನು ಕಾಲಿಗೆ ಬಿದ್ದು, "ತಾಯೀ, ದೊರೆಗೆ ಒಂದು ಮಾತು ಹೇಳಿ ಬತ್ತೀನಿ, ನಾನು ಬರೋಗಂಟ ನಿಂತ್ಕ" ಅಂತ ಬೇಡುತ್ತಾನೆ. ಅವಳು ಒಪ್ಪಿ ಮಾತು ಕೊಡುತ್ತಾಳೆ. ಅವನು ಓಡಿಹೋಗಿ ದೊರೆಗೆ ಹೇಳುತ್ತಾನೆ. ದೊರೆ ಯೋಚನೆ ಮಾಡುತ್ತಾನೆ: ಇವನು ಹಿಂದಕ್ಕೆ ಹೋದರೆ ತಾನೆ ದೇವತೆ ಹೊರಡುವುದು? ಹೋಗದೇ ಇದ್ದರೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಅವಳು ಅಲ್ಲೇ ಇರಬೇಕು. ಅಲ್ಲಿಗೆ ನೀರುಗಂಟಿಯ ತಲೆ ಹೋಗುತ್ತದೆ, ಕೆರೆ ಉಳಿಯುತ್ತದೆ.

ಊರಿನ ಹಿರೀಕರು ಇದನ್ನು ದೊರೆಯ ಜಾಣತನದ ಕತೆಯಾಗಿ ಹೇಳುತ್ತಾರೆ. ನಮ್ಮ ಕೇರಿಯ ಮುದುಕಿಯರು ಹೇಳುವಾಗ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಕತೆ ಒಂದೇ, ಕೇಳುವ ಕಿವಿ ಎರಡು. ಕತೆಯೊಳಗೆ ಮೂರು ಜನ ಇದ್ದಾರೆ. ದೇವತೆ ಮಾತಿಗೆ ನಿಂತಳು. ನೀರುಗಂಟಿ ಕೆಲಸಕ್ಕೆ ನಿಂತ. ಮಾತೂ ಇಲ್ಲದೆ ಕೆಲಸವೂ ಇಲ್ಲದೆ ಗೆದ್ದವನು ದೊರೆ. ಸುದ್ದಿ ಸುಳ್ಳೆಂದು ಅವನು ಕೊಲ್ಲಲಿಲ್ಲ ಎಂಬುದನ್ನು ಗಮನಿಸಬೇಕು. ಸುದ್ದಿ ನಿಜ ಎಂದು ಗೊತ್ತಾಗಿಯೇ ಕೊಂದ. ಏರಿಗೆ ಮಣ್ಣು ಹಾಕಿಸುವುದಕ್ಕಿಂತ ಸುದ್ದಿ ತಂದವನ ಕುತ್ತಿಗೆ ಕೊಯ್ಯುವುದು ಅಗ್ಗವಾಗಿ ಕಂಡಿತು. ಕೆರೆಗೆ ಹಾರ ಹಾಡಿನಲ್ಲಿ ಬಲಿಯಾಗುವ ಭಾಗೀರಥಿ ಗೌಡರ ಮನೆಯ ಕಿರಿ ಸೊಸೆ. ಅವಳಿಗೆ ಹೆಸರಾದರೂ ಇದೆ. ಎಷ್ಟೋ ಕೆರೆಗಳ ಕತೆಯಲ್ಲಿ ನೀರುಗಂಟಿಗೆ ಅದೂ ಇಲ್ಲ. ಮನೆಯೊಳಗೆ ಸೊಸೆ, ಊರೊಳಗೆ ನೀರುಗಂಟಿ: ಯಾರಿಗೆ ಎದುರು ಮಾತಿಲ್ಲವೋ ಅವರೇ ಕೆರೆಯ ಅಡಿಪಾಯ.

ಮದಗದ ಕೆರೆಯ ಹಾಡು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಗಂಗಮ್ಮನನ್ನು ನಿಲ್ಲಿಸುವ ಉಪಾಯ ಕೆಲಸದ ಲೆಕ್ಕದಲ್ಲಿ ಬರುತ್ತದೆ. ಒಡ್ಡರ ಲೆಕ್ಕ ಆರು ಸಾವಿರ, ಗುದ್ದಲಿಯ ಲೆಕ್ಕ ಅದರಲ್ಲಿ ಅರ್ಧ. ಆಮೇಲೆ ಕುರಿಗಳ ಬಲಿ, ವೀಳ್ಯ, ಅಡಿಕೆ, ಪೂಜೆ. ಇಬ್ಬರಿಗೊಂದು ಗುದ್ದಲಿ ಯಾಕೆ? ಮಣ್ಣು ಕೆಲಸ ಕಂಡವರಿಗೆ ಗೊತ್ತು. ಒಡ್ಡ ಅಗೆಯುತ್ತಾನೆ, ಒಡ್ಡತಿ ಮಂಕರಿ ಹೊರುತ್ತಾಳೆ. ಹಾಡು ಕಟ್ಟಿದವರು ಕೆಲಸ ಬಲ್ಲವರು ಅನ್ನುವುದಕ್ಕೆ ಈ ಲೆಕ್ಕಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಪೂಜೆಗಿಂತ ಮೊದಲು ಮಣ್ಣು ಬರುತ್ತದೆ ಎಂಬುದನ್ನೂ ಅವರು ಮರೆಯಲಿಲ್ಲ.

ಶಾಸನಗಳು ಇದನ್ನು ಬೇರೆ ರೀತಿ ಹೇಳುತ್ತವೆ. ಕಡೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ೧೯೦೧ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟವಾಗಿ ಹೊರತಂದರು. ಕನ್ನಡ ನಾಡಿನ ಕೆರೆ ಶಾಸನಗಳಲ್ಲಿ ಕಟ್ಟಿಸಿದವರ ಹೆಸರು, ಅವರ ವಂಶ, ಕೆರೆಯ ಉಸ್ತುವಾರಿಗೆ ಬಿಟ್ಟ ಬಿತ್ತುವಟ್ಟ, ಕೆರೆಗೊಡಗಿ, ಹೂಳು ಸಾಗಿಸುವ ಬಂಡಿಯ ಖರ್ಚು ಎಲ್ಲ ಸಿಗುತ್ತವೆ. ಏರಿ ಉಳಿಯಬೇಕಾದರೆ ಪ್ರತಿ ವರ್ಷ ದುಡ್ಡು ಬೇಕು ಎಂಬ ತಿಳುವಳಿಕೆ ಆ ಕಾಲಕ್ಕೆ ಇತ್ತು. ಆದರೆ ಕಲ್ಲಿಗೆ ಹತ್ತಿದ್ದು ಬಂಡಿಯ ಖರ್ಚು. ಬಂಡಿ ಹೊಡೆದವನು, ಮಣ್ಣು ಹೊತ್ತವಳು, ರಾತ್ರಿ ಕಾದವನು ಹತ್ತಲಿಲ್ಲ.

೪

೧೯೬೧ರಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ಬಂತು. ೧೯೬೩ರಿಂದ ಜಾರಿಯಾಯಿತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಹೋದವು. ತೋಟಿ, ತಳವಾರ, ನೀರುಗಂಟಿಯ ಹುದ್ದೆಗಳೂ ಹೋದವು. ಇದನ್ನು ನಾವು ಸ್ವಾಗತಿಸಿದವರು, ಇವತ್ತೂ ಸ್ವಾಗತಿಸುತ್ತೇವೆ. ಹುಟ್ಟಿದ ತಪ್ಪಿಗೆ ಮಾಡುವ ಬಿಟ್ಟಿ ಚಾಕರಿ ಒಂದು ದಿನವೂ ಉಳಿಯಬಾರದಾಗಿತ್ತು. "ಹಿಂದೆ ನೀರುಗಂಟಿ ಇದ್ದ, ಕೆರೆ ಚೆನ್ನಾಗಿತ್ತು" ಅಂತ ನಿಟ್ಟುಸಿರು ಬಿಡುವ ಪರಿಸರ ಪ್ರೇಮಿಗಳು ಈಗ ಹೆಚ್ಚಾಗಿದ್ದಾರೆ. ಅವರ ಜೊತೆ ನಮ್ಮ ಜಗಳ ಇರುವುದು ಇಲ್ಲೇ. ನೀರುಗಂಟಿ ಚೆನ್ನಾಗಿದ್ದನೇ ಅಂತ ಅವರು ಒಮ್ಮೆಯೂ ಕೇಳುವುದಿಲ್ಲ.

ಆದರೆ ಇನ್ನೊಂದು ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಪಟೇಲನ ಜಾಗಕ್ಕೆ, ಶಾನುಭೋಗನ ಜಾಗಕ್ಕೆ ಸರ್ಕಾರ ಸಂಬಳದ ಗ್ರಾಮ ಲೆಕ್ಕಿಗನನ್ನು ತಂದಿತು. ಕಂದಾಯ ನಿಲ್ಲಬಾರದಲ್ಲ! ಏರಿ ಕಾಯುವವನ ಜಾಗಕ್ಕೆ ಯಾರನ್ನು ತಂದಿತು? ಇವತ್ತೂ ಗ್ರಾಮ ಪಂಚಾಯಿತಿಯಲ್ಲಿ ನೀರುಗಂಟಿ ಅಂತ ಒಬ್ಬ ಇದ್ದಾನೆ. ಅವನ ಕೆಲಸ ಕೊಳವೆ ಬಾವಿಯ ಮೋಟಾರು ಹಾಕುವುದು, ನಲ್ಲಿಗೆ ನೀರು ಬಿಡುವುದು. ಕೆರೆಗೂ ಅವನಿಗೂ ಸಂಬಂಧವಿಲ್ಲ. ನಲವತ್ತು ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯಿತಿಗಳಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ ಎಂದು ಕಾಗದದಲ್ಲಿ ಗೆರೆ ಎಳೆದರು. ಮೇಲಿನ ಕೆರೆ ಒಬ್ಬರ ಕೈಲಿ, ಕೆಳಗಿನ ಕೆರೆ ಇನ್ನೊಬ್ಬರ ಕೈಲಿ. ನೀರಿಗೆ ಈ ಗೆರೆ ಕಾಣುವುದಿಲ್ಲ.

ಆಮೇಲೆ ಕೊಳವೆ ಬಾವಿಗಳ ಕಾಲ ಬಂತು. ಕೆರೆಯ ನೀರು ನೆಚ್ಚಿಕೊಂಡವರು ಕಡಿಮೆಯಾದರು. ಬರದ ಮೇಲೆ ಬರ ಬಂದು ಕಡೂರಿನ ಬಯಲಲ್ಲಿ ತೆಂಗಿನ ತೋಟಗಳೇ ಒಣಗಿದವು. ವರ್ಷಗಟ್ಟಲೆ ಖಾಲಿ ಬಿದ್ದ ಕೆರೆಯಂಗಳ ಒತ್ತುವರಿಯಾಯಿತು, ಕಾಲುವೆ ಮುಚ್ಚಿತು, ಏರಿಯ ಮೇಲೆ ಜಾಲಿ ಬೆಳೆದು ಬೇರು ಒಳಗಿಳಿಯಿತು. ರಸ್ತೆ ಎತ್ತರವಾಯಿತು, ಹಳ್ಳಕ್ಕೆ ಸಣ್ಣ ಪೈಪಿನ ಮೋರಿ ಬಂತು. ಕೆರೆ ತುಂಬುತ್ತದೆ ಎಂಬುದೇ ಮರೆತುಹೋದಾಗ ಕೆರೆ ಒಡೆಯುತ್ತದೆ ಎಂದು ಯಾರು ನೆನೆಯುತ್ತಾರೆ?

ನೀರು ಮರೆಯಲಿಲ್ಲ. ಇದೇ ವೇದಾವತಿಗೆ ಹಿರಿಯೂರಿನ ಬಳಿ ಕಟ್ಟಿದ ವಾಣಿವಿಲಾಸ ಸಾಗರ ೧೯೩೩ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದಿರಲಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ, ಬಿತ್ತು. ೨೦೨೫ರ ಜನವರಿಯಲ್ಲಿ ಮತ್ತೆ ಬಿತ್ತು. ಭದ್ರೆಯ ನೀರು ಅಜ್ಜಂಪುರದ ಸುರಂಗದಿಂದ ಈ ಕಡೆ ಹರಿಯತೊಡಗಿದ್ದು ಒಂದು ಕಾರಣ, ಮೇಲಿನ ಸೀಮೆಯ ಮಳೆ ಇನ್ನೊಂದು ಕಾರಣ. ಮೂರು ತಲೆಮಾರು ಕೋಡಿ ಕಾಣದವರು ಕೋಡಿಯ ದಾರಿಯಲ್ಲೇ ಮನೆ ಕಟ್ಟಿಕೊಳ್ಳುತ್ತಾರೆ. ಹೀಗೆ ಕಟ್ಟಿಕೊಳ್ಳುವವರು ಯಾರು? ಬೇರೆ ಕಡೆ ಜಾಗ ಸಿಗದವರು.

೫

ಈಗ ಎಚ್ಚರಿಕೆಯೇ ಇಲ್ಲವೆಂದು ನಾವು ಹೇಳಿದರೆ ಸುಳ್ಳಾಗುತ್ತದೆ. ಎಚ್ಚರಿಕೆ ಬಹಳ ಇದೆ. ಹವಾಮಾನ ಇಲಾಖೆ ದಿನಕ್ಕೆ ೬೪.೫ ಮಿಲಿಮೀಟರ್ ದಾಟಿದರೆ ಭಾರಿ ಮಳೆ, ೧೧೫.೬ ಮುಟ್ಟಿದರೆ ಅತಿ ಭಾರಿ ಅಂತ ಲೆಕ್ಕ ಕಟ್ಟಿದೆ. ಹಳದಿ ಅಂದರೆ ಕಣ್ಣಿಟ್ಟಿರಿ, ಕಿತ್ತಳೆ ಅಂದರೆ ಸಜ್ಜಾಗಿ, ಕೆಂಪು ಅಂದರೆ ಎದ್ದು ಕೆಲಸ ಮಾಡಿ ಅಂತ ಬಣ್ಣದಲ್ಲಿ ಹೇಳುತ್ತದೆ. ಗುಡುಗು ಸಿಡಿಲಿಗೆ ಮೂರು ಗಂಟೆಯ ಮುನ್ಸೂಚನೆ ಬೇರೆ. ನಮ್ಮ ರಾಜ್ಯದಲ್ಲಿ ೧೯೮೮ರಲ್ಲಿ ಬರ ನೋಡಿಕೊಳ್ಳಲು ಹುಟ್ಟಿದ ಕೋಶವೇ ಬೆಳೆದು ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರವಾಗಿ ಪಂಚಾಯಿತಿ ಪಂಚಾಯಿತಿಗೆ ಮಳೆ ಅಳೆಯುವ ಯಂತ್ರ ನಿಲ್ಲಿಸಿದೆ. ೨೦೨೦ರ ಅಕ್ಟೋಬರಿನಲ್ಲಿ ಭಾರತ, ನೇಪಾಳ, ಭೂತಾನ್, ಬಾಂಗ್ಲಾ, ಶ್ರೀಲಂಕಾ ಐದೂ ದೇಶಕ್ಕೆ ಸೇರಿದ ದಿಢೀರ್ ಪ್ರವಾಹದ ಮುನ್ಸೂಚನೆ ವ್ಯವಸ್ಥೆ ಶುರುವಾಯಿತು. ಎಲ್ಲಿ ಹಳ್ಳ ಉಕ್ಕಬಹುದೆಂದು ಆರು ಗಂಟೆ ಮೊದಲೇ ಅದು ಹೇಳಬಲ್ಲದು. ೨೦೨೩ರ ಅಕ್ಟೋಬರಿನಲ್ಲಿ ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಗೇ ಕಿರುಚಿಕೊಂಡದ್ದು ಇಂಥ ಎಚ್ಚರಿಕೆಯ ಪರೀಕ್ಷೆಗೇ. ವಿಜ್ಞಾನ ಮಾಡಬೇಕಾದ್ದನ್ನು ಮಾಡಿದೆ, ಅದಕ್ಕೆ ನಾವು ಕೈ ಮುಗಿಯುತ್ತೇವೆ.

ಆದರೆ ಮೋಡ ಕಂಡವನಿಗೂ ಗುಡಿಸಿಲಲ್ಲಿ ಮಲಗಿದವಳಿಗೂ ನಡುವೆ ಇರುವ ಕೊನೆಯ ಒಂದು ಮೈಲಿ ಹಾಗೇ ಉಳಿದಿದೆ. ಹಿಂದೆ ಆ ಮೈಲಿಯನ್ನು ಓಡಿದವನು ನೀರುಗಂಟಿ. ಈಗ ಜಿಲ್ಲೆಗೆ ಹಳದಿ ಅಂತ ಬರುತ್ತದೆ. ಜಿಲ್ಲೆ ಅಂದರೆ ಶೃಂಗೇರಿಯೂ ಹೌದು, ಕಡೂರೂ ಹೌದು. ನಮ್ಮ ಏರಿ ಜಿನುಗುತ್ತಿದೆಯೇ, ನಮ್ಮ ಕೋಡಿಗೆ ಯಾರು ಕಲ್ಲು ಪೇರಿಸಿದ್ದಾರೆ ಅನ್ನುವುದು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಮಳೆ ಶುರುವಾದೊಡನೆ ಕರೆಂಟು ಹೋಗುತ್ತದೆ, ಟವರು ಸತ್ತುಹೋಗುತ್ತದೆ. ಮನೆಗೊಂದು ಮೊಬೈಲು ಇದ್ದರೂ ಅದು ಗಂಡಸಿನ ಜೇಬಿನಲ್ಲಿ. ಕಾವಲಿನಲ್ಲಿ ಕುರಿ ಮಂದೆ ತರುಬಿದವನು, ಈರುಳ್ಳಿ ಕೀಳಲು ಬಂದು ಹೊಲದಲ್ಲೇ ಟಾರ್ಪಾಲು ಹಾಕಿಕೊಂಡವರು, ಇಟ್ಟಿಗೆ ಗೂಡಿನವರು, ಇವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ನಮ್ಮ ಕಡೆಯ ಒಂದು ಊರಿನಲ್ಲಿ, ಏರಿಯ ಹಿಂದೆ ಕೆಸರು ನೀರು ಬರುತ್ತಿದೆ ಎಂದು ಹೇಳಲು ನಮ್ಮ ಹುಡುಗನೊಬ್ಬ ಒಂದು ಕಚೇರಿಗೆ ಹೋದ. "ಅರ್ಜಿ ಬರ್ಕೊಡು, ಸಾಹೇಬ್ರು ಬಂದ್ಮೇಲೆ ಇಡ್ತೀವಿ" ಅಂದರು. ಬರೆದು ಕೊಟ್ಟು ಬಂದ. ಊರಿಗೆ ಬಂದರೆ, ಜನರನ್ನು ಹೆದರಿಸುತ್ತಾನೆ ಅಂತ ಬೈದರು. ಕೊನೆಗೆ ಕೇರಿಯವರೇ ಸೇರಿ ಚೀಲಕ್ಕೆ ಮಣ್ಣು ತುಂಬಿ ಒಟ್ಟಿದರು. ಸುದ್ದಿ ತಂದವನ ತಲೆ ಕಡಿಯುವ ಕಾಲ ಹೋಗಿದೆ, ನಿಜ. ಸುದ್ದಿಯ ತಲೆ ಕಡಿಯುವ ಅಭ್ಯಾಸ ಹೋಗಿಲ್ಲ.

ಸುದ್ದಿ ಮುಟ್ಟಿತು ಅಂತಲೇ ಇಟ್ಟುಕೊಳ್ಳೋಣ. ಎದ್ದು ಎಲ್ಲಿಗೆ ಹೋಗಬೇಕು? ದಿಬ್ಬದ ಮೇಲೆ ಇರುವುದು ಗುಡಿ, ಸಮುದಾಯ ಭವನ, ಶಾಲೆ. ಬೀಗದ ಕೈ ಯಾರ ಹತ್ತಿರ ಇದೆ? ನಡುರಾತ್ರಿ ಕೇರಿಯ ಹೆಂಗಸರು ಮಕ್ಕಳು ಒದ್ದೆ ಬಟ್ಟೆಯಲ್ಲಿ ಬಂದು ನಿಂತರೆ ಗುಡಿಯ ಪೌಳಿಯ ಬಾಗಿಲು ತೆಗೆಯುವವರು ಯಾರು? ಈ ಪ್ರಶ್ನೆಗೆ ಹಗಲಿನಲ್ಲಿ ಉತ್ತರ ಸಿಗದಿದ್ದರೆ ರಾತ್ರಿಯಲ್ಲಿ ಸಿಗುವುದಿಲ್ಲ.

೬

ಹಾಗಾದರೆ ನಾವು ಕೇಳುವುದೇನು?

ಏರಿ ಕಾಯುವ ಕೆಲಸ ಮತ್ತೆ ಬೇಕು, ಜಾತಿಯ ಕೆಲಸವಾಗಿ ಬೇಡ. ಕೆರೆಗೊಬ್ಬರು, ಗಂಡಾಗಲಿ ಹೆಣ್ಣಾಗಲಿ, ಯಾವ ಜಾತಿಯವರಾದರೂ ಸರಿ, ಸಂಬಳ, ಬೂಟು, ಬ್ಯಾಟರಿ, ವಿಮೆ ಕೊಟ್ಟು ಇಡಬೇಕು. ಗುಡುಗು ನೆತ್ತಿಯ ಮೇಲಿರುವಾಗ ಏರಿ ಹತ್ತಬಾರದು ಎಂಬ ನಿಯಮವೂ ಅದರಲ್ಲಿರಬೇಕು. ಅವರ ಜೀವ ಏರಿಗಿಂತ ದೊಡ್ಡದು. ಮಳೆಗಾಲಕ್ಕೆ ಮೊದಲೇ ಏರಿ, ತೂಬು, ಕೋಡಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕ ಗ್ರಾಮಸಭೆಯಲ್ಲಿ ಓದಬೇಕು. ಮೇಲಿನ ಕೆರೆಯವರು ಕೆಳಗಿನ ಕೆರೆಯವರಿಗೆ ಫೋನು ಮಾಡುವುದು ಪುಣ್ಯದ ಕೆಲಸವಾಗಿ ಉಳಿಯದೆ ಕಡ್ಡಾಯದ ಕೆಲಸವಾಗಬೇಕು. ಎಚ್ಚರಿಕೆ ಮೊದಲು ಮುಟ್ಟಬೇಕಾದದ್ದು ತಗ್ಗಿನ ಮನೆಗೆ. ಗುಡಿಯ ಮೈಕು, ಮಸೀದಿಯ ಮೈಕು, ಪಂಚಾಯಿತಿಯ ಕಸದ ಗಾಡಿಯ ಮೈಕು ಎಲ್ಲವೂ ಅದಕ್ಕೆ ಬರಲಿ. ಶಾಲೆಯ ಬೀಗದ ಕೈ ಒಂದು ಕೇರಿಯಲ್ಲೂ ಇರಲಿ. ಎಲ್ಲಕ್ಕಿಂತ ಮೊದಲು, ಏರಿಯ ಕೆಳಗೆ, ಹಳ್ಳದ ದಂಡೆಗೆ ಇರುವವರಿಗೆ ದಿಬ್ಬದ ಮೇಲೆ ನಿವೇಶನ ಕೊಡಬೇಕು. ನೆರೆ ಬಂದಾಗ ಓಡಿಸುವುದಕ್ಕಿಂತ ನೆರೆ ಬಾರದ ಕಡೆ ಇರಿಸುವುದು ದೊಡ್ಡ ಎಚ್ಚರಿಕೆ.

ಹಳ್ಳಿಯ ಮೇಷ್ಟರುಗಳಿಗೆ ನಮ್ಮದೊಂದು ಮಾತು. ನೇರ ಗೋಡೆಯ ಒಂದು ಡಬ್ಬಿ, ಒಂದು ಅಳತೆ ಪಟ್ಟಿ ಇದ್ದರೆ ಸಾಕು, ಶಾಲೆಯ ಅಂಗಳದಲ್ಲಿ ಮಕ್ಕಳೇ ಮಳೆ ಅಳೆಯಬಹುದು. ಏರಿಯ ಸುತ್ತ ಅವರನ್ನು ಒಂದು ದಿನ ನಡೆಸಿ. ನೀರುಗಂಟಿಯ ಮನೆತನದ ಹಿರಿಯರು ಬದುಕಿದ್ದರೆ ಕರೆದು ತಂದು ಕುರ್ಚಿಯ ಮೇಲೆ ಕೂರಿಸಿ, ಜಿನುಗು ನೀರು ನೋಡುವುದನ್ನು ಅವರಿಂದ ಹೇಳಿಸಿ. ಅವರಿಗೆ ಗೊತ್ತಿರುವುದು ಎಂಜಿನಿಯರಿಂಗ್. ಅದನ್ನು ಇಷ್ಟು ದಿನ ಚಾಕರಿ ಎಂದು ಕರೆದರು.

ಆ ಹಾಡನ್ನು ಹಾಡುವುದು ಬಿಡಬೇಕಿಲ್ಲ. ಮುಂದಿನ ಸಲ ಹಾಡುವಾಗ ಬೆಸ್ತರ ಹುಡುಗ ಬರುವ ಕಡೆ ತಮಟೆ ಒಂದು ಗಳಿಗೆ ನಿಲ್ಲಿಸಿ ಮಕ್ಕಳನ್ನು ಕೇಳೋಣ: ನಮ್ಮೂರಿನಲ್ಲಿ ಇವತ್ತು ರಾತ್ರಿ ಕೆರೆ ಜಿನುಗಿದರೆ ಸುದ್ದಿ ಹೇಳುವವರು ಯಾರು? ಅವರು ಮೊದಲು ಬಡಿಯಬೇಕಾದ ಬಾಗಿಲು ಯಾವುದು?